ಗಾಂಜಾ ಕಾರ್ಡಿನ ಬಗ್ಗೆ ಕೇಳಿದ ತಂಗಿಗೆ

ದಾವಣಗೆರೆಯಿಂದ ಎಚ್-1ಬಿ ಕೆಲಸದ ವೀಸಾ ಮೇಲೆ ಶಿಕಾಗೋಗೆ ಬಂದಿದ್ದೀಯ. ಸಂಧಿವಾತ, ಬೆಳಗ್ಗೆ ಎದ್ದರೆ ಬೆರಳು ಮಡಚೋಕೆ ಆಗಲ್ಲ. ಆಫೀಸಿನಲ್ಲಿ ಯಾರೋ ಮೆಡಿಕಲ್ ಮಾರಿಜುವಾನಾ ಕಾರ್ಡ್, ಅಂದರೆ ಕಾಯಿಲೆಗೆ ಗಾಂಜಾ ಕೊಳ್ಳೋಕೆ ರಾಜ್ಯ ಕೊಡೋ ಕಾರ್ಡ್, ಮಾಡಿಸ್ಕೋ ಅಂದಿದ್ದಾರೆ. ಅದು ನನಗೂ ಸಿಗುತ್ತಾ, ಅಮ್ಮನಿಗೆ ಏನು ಹೇಳಲಿ ಅಂತ ನಿನ್ನ ಪ್ರಶ್ನೆ.

ಸಿಗುತ್ತೆ. ಯಾವ ಕಾಯಿಲೆಗೆ ಕಾರ್ಡ್ ಅನ್ನೋ ಇಲಿನಾಯ್ ರಾಜ್ಯದ ಪಟ್ಟಿಯಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ನಿನ್ನ ಈ ಸಂಧಿವಾತ, ಮೊದಲಿಂದಲೂ ಇದೆ. 2019ರಲ್ಲಿ ಮಂಡಿ ಸವೆತ, ಬಹುಕಾಲದ ನೋವು ಎಲ್ಲ ಸೇರಿದವು. ಕಾಯಿಲೆ ಇದೆ ಅಂತ ಡಾಕ್ಟರು ಬರೆದುಕೊಟ್ಟರೆ ಆರೋಗ್ಯ ಇಲಾಖೆ ಕಾರ್ಡ್ ಕೊಡುತ್ತೆ. ಇನ್ಶೂರೆನ್ಸ್ ಒಂದು ಡಾಲರೂ ಕೊಡಲ್ಲ. 2020ರಿಂದ 21 ದಾಟಿದ ಯಾರಾದರೂ ಕಾರ್ಡ್ ಇಲ್ಲದೆಯೂ ಗಾಂಜಾ ಅಂಗಡಿಗೆ ಹೋಗಿ ಕೊಳ್ಳಬಹುದು. ಕಾರ್ಡ್ ಇದ್ದರೆ ತೆರಿಗೆ ಕಡಿಮೆ.

ಆದರೆ ನೀನು ಮಾಡಿಸಬೇಡ ತಂಗಿ. ಆ ಅಂಗಡಿಗೂ ಹೋಗಬೇಡ.

ಅಂಗಡಿಗೆ ಲೈಸೆನ್ಸ್ ಕೊಟ್ಟಿರೋದು ರಾಜ್ಯ. ನಿನ್ನ ವೀಸಾ ಇರೋದು ಕೇಂದ್ರದ ಕೈಯಲ್ಲಿ. ಅವರ 1970ರ ಕಾನೂನಿನಲ್ಲಿ ಗಾಂಜಾ ನಿಯಂತ್ರಿತ ಮಾದಕ ವಸ್ತು, ಇಮಿಗ್ರೇಷನ್‌ನವರು ನೋಡೋದು ಅದನ್ನೇ. ಪೌರತ್ವದ ಅರ್ಜಿಗೂ ಇದು ಅಡ್ಡಿಯಾಗಬಹುದು ಅಂತ 2019ರ ಏಪ್ರಿಲ್‌ನಲ್ಲಿ ಬರವಣಿಗೆಯಲ್ಲೇ ಹೇಳಿದರು. ಪೊಲೀಸ್ ಕೇಸೇ ಆಗಬೇಕಿಲ್ಲ, ನಾವೇ ಬಾಯಿಬಿಟ್ಟರೂ ಸಾಕು.

ನಮ್ಮ ಬಳಗದಲ್ಲಿ ಒಬ್ಬರಿಗೆ ಹಾಗೇ ಆಯಿತು. ಬೆನ್ನುನೋವಿಗೆ ಅಂಗಡಿಯಿಂದ ಗಮ್ಮಿ, ಅಂದರೆ ಗಾಂಜಾ ಸೇರಿಸಿದ ಮಿಠಾಯಿ, ತಂದು ತಿನ್ನುತ್ತಿದ್ದರು. ಗ್ರೀನ್ ಕಾರ್ಡಿನ ಮೆಡಿಕಲ್ ಪರೀಕ್ಷೆಯಲ್ಲಿ ಡಾಕ್ಟರು ಕೇಳಿದಾಗ ಹಾಗೇ ಹೇಳಿಬಿಟ್ಟರು. ನಮ್ಮ ಕಡೆ ಡಾಕ್ಟರ ಮುಂದೆ ಯಾರಾದರೂ ಮುಚ್ಚಿಡ್ತಾರಾ? ಆ ಡಾಕ್ಟರು ಔಷಧಿ ಕೊಡೋಕೆ ಕೂತವರಲ್ಲ, ಸರ್ಕಾರಕ್ಕೆ ವರದಿ ಬರೆಯೋಕೆ ಕೂತವರು. ಫೈಲು ಅಲ್ಲೇ ನಿಂತಿತು. ತಾಯಿ ತೀರಿಕೊಂಡಾಗ ವಕೀಲರು ಈಗ ದೇಶ ಬಿಟ್ಟರೆ ವಾಪಸ್ ಬರೋದು ಕಷ್ಟ ಅಂದರು. ಹಾಸನದಲ್ಲಿ ಅವರ ತಮ್ಮನೇ ಕರ್ಮ ಮಾಡಿದ, ಇವರು ಇಲ್ಲಿ ಫೋನಿನಲ್ಲಿ ನೋಡಿದರು. ಆ ದಿನ ಅವರ ಮನೆಗೆ ಅನ್ನ ಸಾರು ತಗೊಂಡು ಹೋಗಿದ್ದೆ. ಡಬ್ಬಿ ಮುಚ್ಚಳ ಕೂಡ ತೆಗೆಯಲಿಲ್ಲ.

ಸುಳ್ಳು ಹೇಳು ಅಂತ ನಾನು ಹೇಳ್ತಿಲ್ಲ, ಅದು ಇನ್ನೂ ದೊಡ್ಡ ತಪ್ಪಾಗುತ್ತೆ. ಕೇಳಿದಾಗ 'ಇಲ್ಲ' ಅನ್ನೋದು ನಿಜವಾಗಿರಲಿ. ಏರ್‌ಪೋರ್ಟಿನಲ್ಲಿ ಫೋನು ತೆಗೆಸಿ ನೋಡೋ ಅಧಿಕಾರವೂ ಅವರಿಗಿದೆ. ಸ್ನೇಹಿತರ ಜೊತೆ ತಮಾಷೆಗೆ ತೆಗೆದ ಫೋಟೋ ಕೂಡ ಬೇಡ.

ಇನ್ನೊಂದು ಮಾತು. ನಿನ್ನದು ಬರೀ ನೋವಲ್ಲ. ಗಾಂಜಾ ನೋವು ಮರೆಸಬಹುದು, ಕೀಲು ಸವೆಯೋದನ್ನ ತಡೆಯಲ್ಲ. ಅದಕ್ಕೆ ಮೆಥೋಟ್ರೆಕ್ಸೇಟ್‌ನಂಥ ಔಷಧಿ ಬೇಕು, ರಕ್ತ ಪರೀಕ್ಷೆ ಮಾಡಿಸುತ್ತಾ ಇರಬೇಕು. ಕೀಲುವಾತದ ಡಾಕ್ಟರು, ಅಂದರೆ ರುಮಟಾಲಜಿಸ್ಟ್, ಅಪಾಯಿಂಟ್‌ಮೆಂಟ್ ಸಿಗೋಕೆ ಇಲ್ಲಿ ತಿಂಗಳುಗಟ್ಟಲೆ ಆಗುತ್ತೆ. ಇವತ್ತೇ ಫೋನ್ ಮಾಡು, ಯಾರಾದರೂ ರದ್ದು ಮಾಡಿದರೆ ಕರೆಯಿರಿ ಅಂತ ಹೆಸರು ಬರೆಸು. ಊರಲ್ಲಿ ಮಾಡಿಸಿದ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ ರಕ್ತ ಪರೀಕ್ಷೆಗಳ ವರದಿ, ಕೈಯ ಎಕ್ಸ್‌ರೇ ಎಲ್ಲ ತರಿಸಿಕೋ.

ಚಳಿ ಬಗ್ಗೆಯೂ ನೀನು ಕೇಳಿದ್ದೆ. ನಾನು ಬಂದಿದ್ದು ಜನವರಿಯಲ್ಲಿ. ಬಸ್ ಸ್ಟಾಪಿನಲ್ಲಿ ನಿಂತರೆ ಮಂಡಿ ಕಲ್ಲಾಗೋದು. ಅಜ್ಜಿ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟುತ್ತಿದ್ದಳು, ಇಲ್ಲಿ ಅದೆಲ್ಲಿ? ಕಾಲುಚೀಲದಲ್ಲಿ ಅಕ್ಕಿ ತುಂಬಿ ಮೈಕ್ರೋವೇವಿನಲ್ಲಿ ಬಿಸಿ ಮಾಡಿಕೊಂಡು ಶಾಖ ಕೊಟ್ಟುಕೊಂಡೆ. ಈಗಲೂ ಅದೇ. ವೈಎಂಸಿಎ ಈಜುಕೊಳಕ್ಕೂ ಹೋಗು, ನೀರಲ್ಲಿ ನಡೆದರೂ ಸಾಕು.

ಅಮ್ಮನಿಗೆ ನೋವಿದೆ ಅಂತ ಹೇಳು. ನಾನು ಅಮ್ಮ ಇರೋ ತನಕ ಫೋನಿನಲ್ಲಿ ಚೆನ್ನಾಗಿದ್ದೀನಿ ಅಂತಲೇ ಅಂದೆ, ಅವಳೂ ಹಾಗೇ ಅಂದಳು. ಗಾಂಜಾ ವಿಷಯ ಮಾತ್ರ ಎತ್ತಬೇಡ, ಸುಮ್ನೆ ಗಾಬರಿ ಆಗ್ತಾರೆ. ಯಾರಾದರೂ ಬರೋರಿದ್ದರೆ ಮಹಾನಾರಾಯಣ ತೈಲ ಕಳಿಸೋಕೆ ಹೇಳು. ಎರಡು ಬಾಟಲಿ ಜಾಸ್ತಿ ಬಂದರೆ ಒಂದು ನನಗಿರಲಿ.