ಓದುಗರ ಪ್ರಶ್ನೆ: ಜನಗಣತಿಯಲ್ಲಿ ನಮ್ಮ ಹಟ್ಟಿ, ನಮ್ಮ ತಾಂಡಾ ಎಲ್ಲಿ?

ಪ್ರಶ್ನೆ: ಮ್ಯಾಸ ನಾಯಕರ (ನಾಯಕರಲ್ಲಿ ಹಟ್ಟಿಗಳಲ್ಲಿ ವಾಸಿಸುವ ಪಶುಪಾಲಕ ಒಳಪಂಗಡ) ಬಗ್ಗೆ ಎಂ.ಎ. ಪ್ರಬಂಧ ಬರೆಯುತ್ತಿದ್ದೇನೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಅವರ ಸಂಖ್ಯೆ ಊರುವಾರು ಸಿಗುತ್ತದೆಯೇ?
– ವಿದ್ಯಾರ್ಥಿನಿ, ಚಳ್ಳಕೆರೆ

ಉತ್ತರ: ಊರುವಾರು ಸಿಗುವುದು ಪರಿಶಿಷ್ಟ ಪಂಗಡದ ಒಟ್ಟು ಸಂಖ್ಯೆ ಮಾತ್ರ. ಯಾವ ಪಂಗಡದವರು ಎಷ್ಟು ಎಂಬುದು ಜಿಲ್ಲಾ ಮಟ್ಟದ ಪಟ್ಟಿಯಲ್ಲಿದೆ. ಅಲ್ಲೂ ಮ್ಯಾಸ ನಾಯಕರಿಗೆ ಬೇರೆ ಸಾಲಿಲ್ಲ. ನಾಯ್ಕಡ, ನಾಯಕ, ಬೇಡ, ಬೇಡರ್, ವಾಲ್ಮೀಕಿ ಎಲ್ಲರೂ ಒಂದೇ ಸಾಲಿನಲ್ಲಿ ಸೇರಿದ್ದಾರೆ. 2011ರಲ್ಲಿ ರಾಜ್ಯದಲ್ಲಿದ್ದ 42,48,987 ಪರಿಶಿಷ್ಟ ಪಂಗಡದವರಲ್ಲಿ ಸುಮಾರು 33 ಲಕ್ಷ ಜನ ಆ ಒಂದು ಸಾಲಿನವರೇ.

ಹುಡುಕುವ ಕ್ರಮ ಹೀಗೆ: ಸೆನ್ಸಸ್ ಇಂಡಿಯಾ ಜಾಲತಾಣದ ಕೋಷ್ಟಕಗಳ ಪುಟದಲ್ಲಿ 2011, ಕರ್ನಾಟಕ ಆರಿಸಿ. 'ಎ-11 ಅನುಬಂಧ'ದಲ್ಲಿ ಜಿಲ್ಲಾವಾರು ಒಂದೊಂದು ಪಂಗಡದ ಲೆಕ್ಕ ಇದೆ (ಪರಿಶಿಷ್ಟ ಜಾತಿಗಳಿಗೆ 'ಎ-10 ಅನುಬಂಧ'). ಊರಿನ ಲೆಕ್ಕಕ್ಕೆ 'ಪ್ರೈಮರಿ ಸೆನ್ಸಸ್ ಆಬ್‌ಸ್ಟ್ರಾಕ್ಟ್' ಫೈಲ್ ಇಳಿಸಿಕೊಂಡು, ಜಿಲ್ಲಾ ಸಂಕೇತ 566 ಇಟ್ಟು ಸೋಸಿ, ಅದು ಚಿತ್ರದುರ್ಗ. ದಾವಣಗೆರೆ 567. 'ಪಿ_ಎಸ್‌ಟಿ' ಎಂಬ ಕಾಲಂ ನಿಮಗೆ ಬೇಕಾದದ್ದು.

ಹೆಚ್ಚಿನವರು ಎಡವುವುದು ಇಲ್ಲೇ. ಆ ಫೈಲಿನಲ್ಲಿ ಜಿಲ್ಲೆ, ತಾಲ್ಲೂಕು, ಊರು, ಪಟ್ಟಣ, ವಾರ್ಡು ಎಲ್ಲ ಒಂದರ ಕೆಳಗೊಂದು ಬಂದಿರುತ್ತವೆ. ಜಿಲ್ಲೆ, ತಾಲ್ಲೂಕುಗಳಿಗೆ ಒಟ್ಟು, ಗ್ರಾಮೀಣ, ನಗರ ಎಂದು ಮೂರು ಮೂರು ಸಾಲು ಬೇರೆ. 'ಲೆವೆಲ್' ಕಾಲಂನಲ್ಲಿ ಊರನ್ನು ಮಾತ್ರ ಉಳಿಸಿಕೊಳ್ಳದೆ ಮೊತ್ತ ಹಾಕಿದರೆ ಒಬ್ಬರೇ ಹಲವು ಸಲ ಎಣಿಕೆಗೆ ಬರುತ್ತಾರೆ. ಇನ್ನೊಂದು, ತಾಲ್ಲೂಕಿನ ಐದಂಕಿ ಸಂಕೇತ ಸೊನ್ನೆಯಿಂದ ಶುರುವಾಗುತ್ತದೆ. ಎಕ್ಸೆಲ್ ಆ ಸೊನ್ನೆಯನ್ನು ನುಂಗಿದರೆ ಎರಡು ಫೈಲುಗಳನ್ನು ಜೋಡಿಸುವಾಗ ಸಾಲುಗಳು ಹೊಂದುವುದಿಲ್ಲ. ಸಂಕೇತದ ಕಾಲಂಗಳನ್ನು ಮೊದಲೇ 'ಟೆಕ್ಸ್ಟ್' ಮಾಡಿಕೊಳ್ಳಿ.

ಊರಿನ ಫೈಲಿನಲ್ಲಿ ಅಕ್ಷರಸ್ಥರು, ದುಡಿಯುವವರು ಎಂಬ ಕಾಲಂಗಳು ಊರಿನ ಎಲ್ಲ ಜನರಿಗೆ ಸೇರಿದವು, ಪಂಗಡಕ್ಕಲ್ಲ. ಪಂಗಡದ ಸಾಕ್ಷರತೆ ಅದರಿಂದ ತೆಗೆಯಬೇಡಿ. ಮ್ಯಾಸರು ಎಷ್ಟು, ಇನ್ನೊಂದು ಒಳಪಂಗಡವಾದ ಊರ ನಾಯಕರು ಎಷ್ಟು ಎಂಬುದಕ್ಕೆ ಊರೂರು ತಿರುಗಿ ಕೇಳುವುದೇ ದಾರಿ. ಪಂಗಡದ ಸಂಖ್ಯೆ ಹೆಚ್ಚಿರುವ ಊರುಗಳನ್ನು ಫೈಲಿನಿಂದ ಗುರುತಿಸಿಕೊಂಡು ಹೊರಟರೆ ಓಡಾಟ ಕಡಿಮೆಯಾಗುತ್ತದೆ. ಗಡಿಯಾಚೆ ಆಂಧ್ರದ ರಾಯದುರ್ಗದ ಕಡೆಯ ಲೆಕ್ಕವನ್ನು ಇದಕ್ಕೆ ಸೇರಿಸಬೇಡಿ. ಇಲ್ಲಿನ ಬೇಡ ನಾಯಕರಿಗೆ ಹತ್ತಿರದವರಾದ ಅಲ್ಲಿನ ಬೋಯರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ.

ಪ್ರಶ್ನೆ: ದಾವಣಗೆರೆ ಜಿಲ್ಲೆಯ ಪರಿಶಿಷ್ಟ ಪಂಗಡದ ಜನಸಂಖ್ಯೆಯನ್ನು 1971ರಿಂದ ಹೋಲಿಸಿ ಪಾಠಕ್ಕೆ ಒಂದು ನಕ್ಷೆ ಮಾಡಬೇಕು. ಅಂಕಿಗಳು ವಿಪರೀತ ಜಿಗಿಯುತ್ತಿವೆ, ಏಕೆ?
– ಪ್ರೌಢಶಾಲಾ ಶಿಕ್ಷಕ, ದಾವಣಗೆರೆ

ಉತ್ತರ: ಎರಡು ಕಾರಣ, ಎರಡೂ ದೊಡ್ಡವು. ಮೊದಲನೆಯದು ಪಟ್ಟಿ. ರಾಜ್ಯದ ಪರಿಶಿಷ್ಟ ಪಂಗಡದವರು 1971ರಲ್ಲಿ 2.31 ಲಕ್ಷ, 1981ರಲ್ಲಿ 18.25 ಲಕ್ಷ. ಹತ್ತು ವರ್ಷದಲ್ಲಿ ಯಾವ ಜನಸಮುದಾಯವೂ ಎಂಟು ಪಟ್ಟು ಬೆಳೆಯುವುದಿಲ್ಲ. ಇಂಥ ಭಾಗದಲ್ಲಿದ್ದರೆ ಮಾತ್ರ ಪಂಗಡ ಎಂಬ ಪ್ರಾದೇಶಿಕ ನಿರ್ಬಂಧವನ್ನು 1976ರ ಕಾಯ್ದೆ ತೆಗೆದುಹಾಕಿತು, ನಾಯಕ ಎಂದು ಬರೆಸಿದವರೆಲ್ಲ ಲೆಕ್ಕಕ್ಕೆ ಬಂದರು. ಮುಂದೆ 1991ರ ತಿದ್ದುಪಡಿ ಬೇಡ, ವಾಲ್ಮೀಕಿ ಮುಂತಾದ ಹೆಸರುಗಳನ್ನು ಸೇರಿಸಿತು. ಆ ವರ್ಷದ ಗಣತಿಯಲ್ಲಿ 19.16 ಲಕ್ಷವಿದ್ದದ್ದು 2001ಕ್ಕೆ 34.64 ಲಕ್ಷವಾಯಿತು. 2020ರಲ್ಲಿ ಪರಿವಾರ, ತಳವಾರ ಸೇರಿದ್ದರಿಂದ ಮುಂದಿನ ಗಣತಿಯಲ್ಲೂ ಏರಿಕೆ ಕಾಣುತ್ತದೆ. ನಕ್ಷೆಯಲ್ಲಿ ಈ ವರ್ಷಗಳಿಗೆ ಗೆರೆ ಎಳೆದು ಕಾರಣ ಬರೆಯಿರಿ. ಹಾಗೆ ಮಾಡದಿದ್ದರೆ ಮಕ್ಕಳು ಒಂದು ಸಮುದಾಯದ ಬಗ್ಗೆ ಸುಳ್ಳು ತಿಳಿವಳಿಕೆ ಹೊತ್ತುಕೊಂಡು ಹೋಗುತ್ತಾರೆ. ಇದು ಸಣ್ಣ ವಿಷಯವಲ್ಲ.

ಎರಡನೆಯದು ಗಡಿ. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ, ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದವು. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. 2011ರ ದಾವಣಗೆರೆಯ 19,45,497 ಜನರಲ್ಲಿ ಹರಪನಹಳ್ಳಿಯವರೂ ಇದ್ದಾರೆ. ಆಗ ಪರಿಶಿಷ್ಟ ಪಂಗಡ ಸುಮಾರು ಶೇ 12 ಎಂಬ ಪ್ರಮಾಣವೂ ಅವರನ್ನು ಸೇರಿಸಿಯೇ ಬಂದದ್ದು. ಇವತ್ತಿನ ಜಿಲ್ಲೆಗೆ ಅದನ್ನು ಹಾಗೇ ಅಂಟಿಸುವವರು ಬಹಳ. ಜಿಲ್ಲೆಯ ಸಾಲನ್ನು ಬಿಟ್ಟು ಈಗಿನ ತಾಲ್ಲೂಕುಗಳ ಸಾಲುಗಳನ್ನು ಕೂಡಿ. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು, ಅದಕ್ಕೆ ಬೇರೆ ಸಾಲು ಹುಡುಕಬೇಡಿ.

ಪ್ರಶ್ನೆ: ಎ-11 ಪಟ್ಟಿಯಲ್ಲಿ ಲಂಬಾಣಿಗರ ಹೆಸರೇ ಇಲ್ಲ. ನಮ್ಮ ಮಾತಾಡುವವರ ಸಂಖ್ಯೆಯೂ ಸಿಗಲಿಲ್ಲ.
– ಓದುಗರು, ಚನ್ನಗಿರಿ ತಾಲ್ಲೂಕು

ಉತ್ತರ: ಕರ್ನಾಟಕದಲ್ಲಿ ಬಂಜಾರ, ಲಂಬಾಣಿ ಪರಿಶಿಷ್ಟ ಜಾತಿ, ಎ-10ರಲ್ಲಿ ನೋಡಿ. ಆಂಧ್ರ, ತೆಲಂಗಾಣಗಳಲ್ಲಿ ಅವರೇ ಪರಿಶಿಷ್ಟ ಪಂಗಡ. ಭಾಷೆಗೆ 'ಸಿ-16' ಕೋಷ್ಟಕ ತೆರೆಯಿರಿ. ಲಂಬಾಣಿ ಮಾತು ಅಲ್ಲಿ ಹಿಂದಿಯ ಕೆಳಗೆ 'ಲಂಬಾಡಿ' ಎಂಬ ಹೆಸರಿನ ಮಾತೃಭಾಷೆಯಾಗಿ ನಮೂದಾಗಿದೆ, ಹಾಗಾಗಿ ಭಾಷೆಗಳ ಮುಖ್ಯ ಸಾಲುಗಳಲ್ಲಿ ಕಾಣುವುದಿಲ್ಲ. ಜಿಲ್ಲೆಯ ಹಿಂದಿ ಭಾಷಿಕರ ಸಂಖ್ಯೆ ಹೇಳುವವರು ತಾಂಡಾಗಳನ್ನೂ ಸೇರಿಸಿಯೇ ಹೇಳುತ್ತಿದ್ದಾರೆ ಎಂಬುದು ನೆನಪಿರಲಿ. ದೇಶದಲ್ಲಿ 10,000ಕ್ಕಿಂತ ಕಡಿಮೆ ಜನ ಬರೆಸಿದ ಮಾತೃಭಾಷೆಗಳನ್ನು ಹೆಸರಿಸದೆ 'ಇತರೆ'ಯಲ್ಲಿ ಸೇರಿಸುತ್ತಾರೆ.

ಪ್ರಶ್ನೆ: ನಮ್ಮ ಗೊಲ್ಲರಹಟ್ಟಿಯಲ್ಲಿ ನೂರಕ್ಕೂ ಹೆಚ್ಚು ಮನೆಗಳಿವೆ. ಜನಗಣತಿಯ ಊರಪಟ್ಟಿಯಲ್ಲಿ ಹಟ್ಟಿಯ ಹೆಸರಿಲ್ಲ. ಕಾಡುಗೊಲ್ಲರ ಲೆಕ್ಕ ಎಲ್ಲಿ?
– ಗ್ರಾಮ ಪಂಚಾಯಿತಿ ಸದಸ್ಯ, ಹಿರಿಯೂರು ತಾಲ್ಲೂಕು

ಉತ್ತರ: ಜನಗಣತಿ ಎಣಿಸುವುದು ಕಂದಾಯ ಗ್ರಾಮಗಳನ್ನು. ಹಟ್ಟಿ ಯಾವ ಕಂದಾಯ ಗ್ರಾಮದ ಸರಹದ್ದಿನಲ್ಲಿದೆಯೋ ಆ ಊರಿನ ಸಂಖ್ಯೆಯಲ್ಲಿ ಅದು ಕರಗಿಹೋಗುತ್ತದೆ. 2011ರ ಗಣತಿಗೆ ಗಡಿಗಳನ್ನು 2009ರ ಡಿಸೆಂಬರ್ 31ಕ್ಕೆ ಸ್ಥಿರಗೊಳಿಸಲಾಗಿತ್ತು. ಆಮೇಲೆ ಕಂದಾಯ ಗ್ರಾಮವಾದ ಹಟ್ಟಿ, ತಾಂಡಾಗಳಿಗೂ ಅದರಲ್ಲಿ ಜಾಗವಿಲ್ಲ. ಕಾಡುಗೊಲ್ಲರು ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರುವುದರಿಂದ ಜಾತಿಯ ಹೆಸರಿನಲ್ಲೂ ಎಣಿಕೆಯಾಗಿಲ್ಲ. ಸ್ವಾತಂತ್ರ್ಯಾನಂತರ ಪರಿಶಿಷ್ಟರನ್ನು ಬಿಟ್ಟು ಯಾವ ಜಾತಿಯ ಲೆಕ್ಕವನ್ನೂ ಜನಗಣತಿ ಪ್ರಕಟಿಸಿಲ್ಲ.

ಸೌಲಭ್ಯಕ್ಕೆ ಅರ್ಜಿ ಬರೆಯಲು ಅಂಕಿ ಬೇಕಿದ್ದರೆ ಅಂಗನವಾಡಿಯ ಕುಟುಂಬ ಸಮೀಕ್ಷಾ ಪುಸ್ತಕ ಆಧರಿಸಿ. ಅದರಲ್ಲಿ ಮನೆಮನೆಯ ಹೆಸರು, ವಯಸ್ಸು ಇರುತ್ತದೆ. ಪಂಚಾಯಿತಿಯ ಮನೆ ತೆರಿಗೆ ಪಟ್ಟಿಯೊಂದಿಗೆ ತಾಳೆ ನೋಡಿ, ದಿನಾಂಕ ಹಾಕಿ, ಪಿಡಿಒ ಸಹಿ ಪಡೆಯಿರಿ. 2011ರ ಊರಿನ ಸಂಖ್ಯೆಯಲ್ಲಿ ಅಂದಾಜಿನ ಪಾಲು ತೆಗೆದು ಹಟ್ಟಿಯದೆಂದು ಬರೆಯಬೇಡಿ, ಪ್ರಶ್ನೆ ಬಂದರೆ ನಿಲ್ಲುವುದಿಲ್ಲ.

ಮುಂದಿನ ಗಣತಿಯಲ್ಲಿ ಎಲ್ಲ ಜಾತಿಗಳನ್ನೂ ಎಣಿಸಲು ಕೇಂದ್ರ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿ 2025ರ ಏಪ್ರಿಲ್ 30ರಂದು ತೀರ್ಮಾನಿಸಿದೆ. ಉಲ್ಲೇಖ ದಿನಾಂಕ 2027ರ ಮಾರ್ಚ್ 1. ಎಣಿಕೆದಾರರು ಬಂದಾಗ ಒಂದು ಮನೆಯವರು 'ಗೊಲ್ಲ', ಪಕ್ಕದವರು 'ಯಾದವ', ಮತ್ತೊಬ್ಬರು 'ಕಾಡುಗೊಲ್ಲ' ಎಂದು ಬರೆಸಿದರೆ ಲೆಕ್ಕ ಮೂರು ಕಡೆ ಹಂಚಿಹೋಗುತ್ತದೆ. ಏನೆಂದು ಬರೆಸಬೇಕೆಂದು ಹಟ್ಟಿಯವರೆಲ್ಲ ಕೂತು ಈಗಲೇ ಮಾತಾಡಿಕೊಳ್ಳಿ. ಹಟ್ಟಿ ಕಂದಾಯ ಗ್ರಾಮವಾಗಿದ್ದರೆ, ಅಧಿಸೂಚನೆ ಯಾವ ದಿನಾಂಕದ್ದೆಂದು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ. ಈ ಸಲ ಗಡಿ ಸ್ಥಿರಗೊಳಿಸುವ ದಿನ 2025ರ ಡಿಸೆಂಬರ್ 31. ಅದಕ್ಕೆ ಮೊದಲಿನ ಅಧಿಸೂಚನೆಯಾಗಿದ್ದರೆ, ಊರಪಟ್ಟಿಯಲ್ಲಿ ಹಟ್ಟಿಯ ಹೆಸರು ಸೇರಿದೆಯೇ ಎಂದು ತಹಶೀಲ್ದಾರರಿಗೆ ಬರಹದಲ್ಲಿ ಕೇಳಿ.