ಅರ್ಥವಾಗದಿದ್ದರೂ ತಲೆಯಾಡಿಸುವವರು

ಮೊದಲ ಕೆಲಸಕ್ಕೆ ಸೇರಿದ ಮಕ್ಕಳು ಆಫೀಸಿನ ಇಂಗ್ಲಿಷ್ ಮಾತು ಅರ್ಥವಾಗದ ತೊಂದರೆ ಹೇಳಿಕೊಂಡು ಪದೇ ಪದೇ ನನ್ನ ಬಳಿ ಸಲಹೆಗೆ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಕಾರ್ಕಳ ಕಡೆಯ ಹುಡುಗಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಇಂಜಿನಿಯರಿಂಗ್, ಈಗ ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಅಮೆರಿಕದ ಗ್ರಾಹಕರ ಜೊತೆ ಕಾಲ್ ಇದೆ ಅಂದರೆ ಎದೆ ಡವಡವ, ಹಿಂದಿನ ರಾತ್ರಿ ನಿದ್ದೆ ಇಲ್ಲ. ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಎಂದೆ. ಇಸಿಜಿ, ಥೈರಾಯ್ಡ್ ಎರಡೂ ಸರಿಯಿದ್ದವು.

ಮುಂದಿನ ಭೇಟಿಗೆ ದಪ್ಪ ನೋಟ್‌ಬುಕ್ ತಂದಳು. ತುಂಬಾ ಇಂಗ್ಲಿಷ್ ನುಡಿಗಟ್ಟುಗಳು. 'ಬೈಟ್ ದ ಬುಲೆಟ್' ಅಂದರೆ ಹಲ್ಲು ಕಚ್ಚಿ ಕಷ್ಟ ಎದುರಿಸುವುದು. 'ಅಂಡರ್ ದ ವೆದರ್' ಅಂದರೆ ಹುಷಾರಿಲ್ಲ. 'ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್' ಅಂದರೆ ಜಡಿಮಳೆ. (ಈ ನಾಯಿ ಬೆಕ್ಕಿನ ಮಳೆಯನ್ನು ಮಂಗಳೂರಿನ ಆಟಿ ತಿಂಗಳ ಮಳೆಗಾಲದಲ್ಲೂ ಯಾರ ಬಾಯಲ್ಲೂ ನಾನು ಕೇಳಿಲ್ಲ.) "ಇದರಲ್ಲಿ ಆಫೀಸಿನಲ್ಲಿ ಕಿವಿಗೆ ಬಿದ್ದದ್ದು ಯಾವುದು?" ಎಂದೆ. ಪುಟ ತಿರುವಿದಳು. ಒಂದೋ ಎರಡೋ.

ಏಟು ಬಿದ್ದದ್ದು ನೋಟ್‌ಬುಕ್‌ನಲ್ಲಿ ಇಲ್ಲದ ಮಾತಿಗೆ. ಮ್ಯಾನೇಜರ್ ಒಂದು ಸಂಜೆ 'ಬಾಲ್‌ಪಾರ್ಕ್ ಫಿಗರ್' ಕೇಳಿದ್ದರು, ಅಂದರೆ ಬರೀ ಅಂದಾಜು. ಇವಳು ತಲೆಯಾಡಿಸಿ, ರಾತ್ರಿಯಿಡೀ ಕೂತು ಇಂಚಿಂಚು ಲೆಕ್ಕ ಹಾಕಿ ಮರುದಿನ ಮಧ್ಯಾಹ್ನ ಕಳಿಸಿದಳು. ಇಷ್ಟಕ್ಕೆ ಇಷ್ಟು ಹೊತ್ತಾ ಎಂದು ಬೈಸಿಕೊಂಡಳು.

"'ಆನ್ ದ ಬ್ಯಾಕ್ ಫುಟ್' ಗೊತ್ತಾ?" ಎಂದೆ. ಒತ್ತಡಕ್ಕೆ ಸಿಕ್ಕಿ ರಕ್ಷಣೆಗೆ ಇಳಿಯುವುದು ಎಂದು ತಟ್ಟನೆ ಹೇಳಿದಳು. ಅದು ಕ್ರಿಕೆಟ್‌ನ ಮಾತು. ಅಣ್ಣನ ಜೊತೆ ಕ್ರಿಕೆಟ್ ನೋಡಿ ಬೆಳೆದವಳು. ಬಾಲ್‌ಪಾರ್ಕ್, 'ಟಚ್ ಬೇಸ್' (ಸಂಪರ್ಕಿಸಿ ಒಂದೆರಡು ಮಾತಾಡುವುದು) ಎಲ್ಲ ಅಮೆರಿಕದವರ ಬೇಸ್‌ಬಾಲ್ ಆಟದಿಂದ ಬಂದವು. ಆ ಆಟವನ್ನೇ ನೋಡದವರಿಗೆ ಆ ಮಾತು ಹೇಗೆ ಗೊತ್ತಾಗಬೇಕು, ಕೇಳಬೇಕಿತ್ತು ಅಷ್ಟೆ, ಎಂದೆ.

"ಕೇಳಿದ್ರೆ ಕನ್ನಡ ಮೀಡಿಯಂನವಳು ಅಂತ ಗೊತ್ತಾಗಿಬಿಡುತ್ತೆ ಅಲ್ವಾ ಮೇಡಂ?"

ಅಲ್ಲಿಗೆ ವಿಷಯ ಹೊರಗೆ ಬಂತು. ಎಲ್ಲ ಬಾಯಿಪಾಠ ಆದರೆ ಯಾರನ್ನೂ ಕೇಳಬೇಕಿಲ್ಲ ಎಂಬ ಲೆಕ್ಕದಲ್ಲೇ ಆ ನೋಟ್‌ಬುಕ್ ಬೆಳೆದಿತ್ತು. ಎರಡನೇ ಮಹಾಯುದ್ಧದ ಕಾಲದ ಒಂದು ಪ್ರಸಂಗ ಹೇಳಿದೆ. ಚರ್ಚಿಲ್ ಅದನ್ನು ಬರೆದಿಟ್ಟಿದ್ದಾರೆ. ಒಂದು ವಿಷಯವನ್ನು 'ಟೇಬಲ್' ಮಾಡೋಣ ಎಂದರು ಬ್ರಿಟಿಷರು, ಈಗಲೇ ಚರ್ಚಿಸೋಣ ಎಂಬರ್ಥದಲ್ಲಿ. ಅಮೆರಿಕದವರಿಗೆ ಅದು ಮುಂದಕ್ಕೆ ಹಾಕೋಣ ಎಂದಾಯಿತು. ಇಬ್ಬರಿಗೂ ಬೇಕಿದ್ದದ್ದು ಒಂದೇ. ಆದರೂ ಬಹಳ ಹೊತ್ತು ವಾದ ನಡೆಯಿತು. ಹುಟ್ಟಾ ಇಂಗ್ಲಿಷಿನವರ ಪಾಡೇ ಹೀಗೆ. ಮೊದಲ ಸಲ ನಕ್ಕಳು.

ಕೊಟ್ಟ ಸಲಹೆ ಇಷ್ಟು. ಮಾತಿನ ಅರ್ಥ ಕೇಳಲು ನಾಚಿಕೆಯಾದರೆ ಕೆಲಸದ ಬಗ್ಗೆ ಕೇಳಿ. ಎಷ್ಟು ವಿವರ ಬೇಕು, ಎಷ್ಟು ಗಂಟೆಗೆ ಬೇಕು? ಇಂಗ್ಲಿಷ್ ಚೆನ್ನಾಗಿ ಬರುವವರೂ ಇದನ್ನು ಕೇಳುತ್ತಾರೆ. ನೋಟ್‌ಬುಕ್‌ನಲ್ಲಿ ಇನ್ನು ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯಿರಿ, ಯಾರು ಯಾವಾಗ ಅಂದರು ಎನ್ನುವುದರ ಸಮೇತ.

ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಕಳಿಸಿದ್ದರೆ ಆಗುತ್ತಿರಲಿಲ್ವಾ ಎಂದು ಜೊತೆಗೆ ಬಂದ ತಂದೆ ಕೇಳಿದರು. ಕ್ಲಾಸಿನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ನಿದ್ದೆಗೆಟ್ಟು ನಡುಗುತ್ತಿರುವವಳ ಮುಂದೆ ಇನ್ನೊಂದು ಪರೀಕ್ಷೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಹೆದರಿಕೆ ಇಳಿಯಲಿ, ಆಮೇಲೆ ಸೇರಲಿ.

ದೊಡ್ಡ ಕಾಲ್‌ಗಳಲ್ಲಿ ಈಗಲೂ ತಲೆಯಾಡಿಸುತ್ತಾಳಂತೆ. ಮುಗಿದ ಮೇಲೆ ಟೀಮ್ ಲೀಡ್‌ಗೆ ಮೆಸೇಜ್ ಹಾಕಿ ಕೇಳುತ್ತಾಳೆ. ಸದ್ಯಕ್ಕೆ ಅಷ್ಟು ಸಾಕು ಎಂದಿದ್ದೇನೆ.