ಪ್ರಯೋಗಾಲಯದ ಸಂವೇದಕ, ಕಾರ್ಖಾನೆಯ ಪಟ್ಟಿ

ಪ್ರಶ್ನೆ: ಬೆರಳು ಚುಚ್ಚಿ ಸಕ್ಕರೆ ಪ್ರಮಾಣ ನೋಡುವ ಪಟ್ಟಿಯಂಥ ಸಂವೇದಕಗಳನ್ನು ವಿಶ್ವವಿದ್ಯಾಲಯಗಳೇ ಪೂರ್ತಿಯಾಗಿ ರೂಪಿಸಬಾರದೇಕೆ? ಕಂಪನಿಗಳ ಸಹಭಾಗಿತ್ವ ಅನಿವಾರ್ಯವೆ?
– ಓದುಗರೊಬ್ಬರು, ತುಮಕೂರು

ಉತ್ತರ: ನೀವು ಹೆಸರಿಸಿದ ಪಟ್ಟಿಯ ಚರಿತ್ರೆಯನ್ನೇ ನೋಡೋಣ. ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವವನ್ನು ಎಲೆಕ್ಟ್ರೋಡಿಗೆ ಹೊಂದಿಸಿ, ಅದು ಬಳಸಿಕೊಂಡ ಆಮ್ಲಜನಕದಿಂದ ಸಕ್ಕರೆಯನ್ನು ಲೆಕ್ಕ ಹಾಕುವ ದಾರಿಯನ್ನು ಅಮೆರಿಕದ ಲೆಲಾಂಡ್ ಕ್ಲಾರ್ಕ್ 1962ರಲ್ಲಿ ತೋರಿಸಿದರು. ಆದರೆ ರಕ್ತದಲ್ಲಿನ ಆಮ್ಲಜನಕವೇ ಹೆಚ್ಚುಕಡಿಮೆಯಾಗುವುದರಿಂದ ಅಳತೆ ಏರುಪೇರಾಗುತ್ತಿತ್ತು. ಬ್ರಿಟನ್ನಿನ ಆಕ್ಸ್‌ಫರ್ಡ್ ಮತ್ತು ಕ್ರ್ಯಾನ್‌ಫೀಲ್ಡ್ ಸಂಶೋಧಕರು ಕಿಣ್ವದಿಂದ ಎಲೆಕ್ಟ್ರಾನು ಪಡೆದು ಸಾಗಿಸುವ, ಅದುವರೆಗೆ ಆಮ್ಲಜನಕ ಮಾಡುತ್ತಿದ್ದ ಕೆಲಸವನ್ನು ಫೆರೋಸೀನ್ ಎಂಬ ಕಬ್ಬಿಣದ ಸಂಯುಕ್ತಕ್ಕೆ ವಹಿಸಿ 1984ರಲ್ಲಿ ಪ್ರಬಂಧ ಪ್ರಕಟಿಸಿದರು. ಇದೇ ವಿಧಾನವನ್ನು ಬಳಸಿ ಮೆಡಿಸೆನ್ಸ್ ಕಂಪನಿ 1987ರಲ್ಲಿ ಪೆನ್ನಿನಾಕಾರದ ಮೀಟರನ್ನು ಮಾರುಕಟ್ಟೆಗೆ ತಂದಿತು.

ಪ್ರಬಂಧ ಬರೆಯಲು ಚೆನ್ನಾಗಿ ಕೆಲಸ ಮಾಡುವ ಕೆಲವೇ ಎಲೆಕ್ಟ್ರೋಡುಗಳು ಸಾಕು. ರೋಗಿಗಾದರೋ ಈ ತಿಂಗಳ ಡಬ್ಬಿಯ ಪಟ್ಟಿಗೂ ಮುಂದಿನ ತಿಂಗಳ ಪಟ್ಟಿಗೂ ಅಂತರವಿರಬಾರದು. ಪಟ್ಟಿಯ ಮೇಲೆ ಅಚ್ಚಾಗುವ ಶಾಯಿಯ ದಪ್ಪ, ಕಿಣ್ವದ ಬಾಳಿಕೆ, ಡಬ್ಬಿಯೊಳಗೆ ತೇವ ಸೇರದಂತೆ ಮಾಡುವ ಏರ್ಪಾಡು ಇವೆಲ್ಲ ಕಾರ್ಖಾನೆಯಲ್ಲಿ ಕಲಿಯಬೇಕಾದ ವಿದ್ಯೆಗಳು. (ಇವಕ್ಕೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲವೆಂಬುದು ಬೇರೆ ಮಾತು.)

ನಮ್ಮಲ್ಲೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ ಅವರ ತಂಡದ ಜೈವಿಕ ಸಂವೇದಕ ಸಂಶೋಧನೆಯಿಂದ ಪಾತ್‌ಶೋಧ್ ಕಂಪನಿ ಹುಟ್ಟಿತು. ಅನಿಲ ಸಂವೇದಕಗಳ ಕೆಲಸವನ್ನೂ ಪರಿಗಣಿಸಿ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ನೀಡಲಾಯಿತು.

ಗಾಳಿಯ ಅಳತೆ ಇನ್ನೂ ತೊಡಕಿನದು. ಲೋಹದ ಆಕ್ಸೈಡಿನ ಸಂವೇದಕವನ್ನು ನೂರಾರು ಡಿಗ್ರಿಗೆ ಕಾಯಿಸಿದಾಗ, ಅದರ ಮೇಲ್ಮೈಗೆ ತಾಗಿದ ಅನಿಲದಿಂದ ವಿದ್ಯುತ್ ರೋಧ ಬದಲಾಗುತ್ತದೆ. ದುರದೃಷ್ಟವಶಾತ್ ಗಾಳಿಯ ತೇವದಿಂದಲೂ ಬದಲಾಗುತ್ತದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಸರಿಹೊಂದಿಸಿದ ಉಪಕರಣ ಮಂಗಳೂರಿನ ಮಳೆಗಾಲದಲ್ಲಿ ತಪ್ಪು ಹೇಳಬಹುದಾದ್ದರಿಂದ, ಅದನ್ನು ನಂಬಲರ್ಹ ದುಬಾರಿ ಉಪಕರಣದ ಪಕ್ಕದಲ್ಲೇ ತಿಂಗಳುಗಟ್ಟಲೆ ಇಟ್ಟು ಹೋಲಿಸಿ ನೋಡಬೇಕು. ಇಷ್ಟು ದೀರ್ಘವಾದ, ಬೇಸರದ ಕೆಲಸಕ್ಕೆ ಜನ, ಹಣ ಎರಡನ್ನೂ ಒದಗಿಸುವುದು ವಿಶ್ವವಿದ್ಯಾಲಯವೊಂದರಿಂದಲೇ ಆಗದು.

ಆದ್ದರಿಂದ ಸಹಭಾಗಿತ್ವ ಬಹುಮಟ್ಟಿಗೆ ಅನಿವಾರ್ಯ. ಷರತ್ತುಗಳು ಮಾತ್ರ ಹಾಗಲ್ಲ. ಪೇಟೆಂಟ್ ಅರ್ಜಿ ಸಲ್ಲಿಸುವವರೆಗೆ ಪ್ರಕಟಣೆಯನ್ನು ತಡೆಹಿಡಿಯಿರೆಂದು ಕಂಪನಿ ಕೇಳುವುದು ನ್ಯಾಯವೇ. ಆದರೆ ಸಂವೇದಕ ಎಲ್ಲೆಲ್ಲಿ ತಪ್ಪಿತೆಂಬ ದತ್ತಾಂಶವನ್ನು ಪ್ರಕಟಿಸುವ ಹಕ್ಕು ಯಾರದೆಂಬುದನ್ನು ಪ್ರಾಧ್ಯಾಪಕರು ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.